ತಿಂಗಳ ಒಂದೊಂದು ವಾರ ಒಂದೊಂದು ಥರ ಬಿಳಿ ಹೋಗುತ್ತದೆ, ಇದು ಸೋಂಕೇ?

ಪ್ರಶ್ನೆ: ನನಗೆ 24 ವರ್ಷ, ಖಾಸಗಿ ಕೆಲಸದಲ್ಲಿದ್ದೇನೆ. ಮದುವೆ ಗೊತ್ತಾಗಿದೆ, ಇನ್ನೂ ಆಗಿಲ್ಲ. ಮುಟ್ಟು 32–33 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ. ಮುಟ್ಟು ನಿಂತ ಮೇಲೆ ನಾಲ್ಕೈದು ದಿನ ಏನೂ ಇರುವುದಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪ ಬಿಳಿ ಹೋಗಲು ಶುರುವಾಗಿ, 17–18ನೇ ದಿನದ ಹೊತ್ತಿಗೆ ನೀರು ನೀರಾಗಿ, ಎಳೆ ಎಳೆಯಾಗಿ ಬಹಳ ಹೋಗುತ್ತದೆ. ಒಮ್ಮೆ ಅದರಲ್ಲಿ ಗುಲಾಬಿ ಬಣ್ಣದ ಗೆರೆಯೂ ಇತ್ತು. ಆಮೇಲೆ ಗಟ್ಟಿಯಾಗಿ ಅಂಟಂಟಾಗುತ್ತದೆ, ಮುಟ್ಟಿನ ಹಿಂದಿನ ದಿನ ಕಂದು ಬಣ್ಣಕ್ಕೆ ತಿರುಗುತ್ತದೆ. ತುರಿಕೆ, ಉರಿ, ಕೆಟ್ಟ ವಾಸನೆ ಇಲ್ಲ. ಆದರೆ ಒಣಗಿದಾಗ ಹಳದಿ ಕಲೆಯಾಗುತ್ತದೆ, ಕಪ್ಪು ಒಳಉಡುಪು ಆ ಜಾಗದಲ್ಲಿ ಮಾತ್ರ ಬಣ್ಣ ಬಿಟ್ಟಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಸಲ ಮಾತ್ರೆ ತೆಗೆದುಕೊಂಡೆ. ಎರಡೇ ದಿನಕ್ಕೆ ಕಡಿಮೆಯಾಯಿತು, ಮುಂದಿನ ತಿಂಗಳು ಮತ್ತೆ ಅದೇ. ಅಮ್ಮ ಮೈಯಲ್ಲಿ ಉಷ್ಣ ಜಾಸ್ತಿ ಅನ್ನುತ್ತಾರೆ. ಅಜ್ಜಿ ಮೂಳೆ ಕರಗಿ ಹೋಗುತ್ತಿದೆ ಅನ್ನುತ್ತಾರೆ. ನನಗೂ ಸುಸ್ತು, ಸೊಂಟ ನೋವು ಇದೆ. ಇದು ಸೋಂಕೇ? ಮುಂದೆ ಮಕ್ಕಳಾಗಲು ತೊಂದರೆಯೇ? ಹುಡುಗನಿಗೆ ಮೊದಲೇ ಹೇಳಬೇಕೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿರುವುದರಲ್ಲಿ ಸೋಂಕಿನದು ಅನ್ನಬಹುದಾದ ಲಕ್ಷಣ ಒಂದೂ ಇಲ್ಲ. ಮೂಳೆಯೂ ಕರಗುತ್ತಿಲ್ಲ. ಇದರಿಂದ ಮಕ್ಕಳಾಗಲು ತೊಂದರೆಯಿಲ್ಲ. 17–18ನೇ ದಿನ ನಿಮ್ಮನ್ನು ಹೆದರಿಸಿದ ಆ ಎಳೆ ಎಳೆಯಾದ ಲೋಳೆ, ನಿಮ್ಮ ಅಂಡಾಶಯ ತನ್ನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಿದೆ ಎಂದು ತೋರಿಸುತ್ತದೆ. ಹೆದರಿಕೆಯಲ್ಲೇ ಆದರೂ ನಿಮ್ಮ ಋತುಚಕ್ರವನ್ನು ನೀವು ಬಹಳ ಚೆನ್ನಾಗಿ ಗಮನಿಸಿದ್ದೀರಿ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾವು ಬೋರ್ಡಿನ ಮೇಲೆ ಬರೆಯುವುದೂ ಹೆಚ್ಚುಕಡಿಮೆ ಇದನ್ನೇ.

ಸ್ರಾವ ಒಂದೇ ಕಡೆಯಿಂದ ಬರುವುದಲ್ಲ. ಯೋನಿಯ ಗೋಡೆಯಿಂದ ಜಿನುಗುವ ತೇವ, ಅಲ್ಲಿ ದಿನವೂ ಉದುರುವ ಹಳೆಯ ಜೀವಕೋಶಗಳು, ಅಲ್ಲೇ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾ, ಇವುಗಳ ಜೊತೆಗೆ ಗರ್ಭಕೋಶದ ಕಂಠದಿಂದ, ಅಂದರೆ ಸರ್ವಿಕ್ಸ್‌ನಿಂದ ಇಳಿಯುವ ಲೋಳೆ. ಇವೆಲ್ಲ ಸೇರಿ ಮುಟ್ಟಾಗುವ ವಯಸ್ಸಿನ ಆರೋಗ್ಯವಂತ ಹೆಣ್ಣಿಗೆ ದಿನಕ್ಕೆ ಸುಮಾರು 1ರಿಂದ 4 ಮಿಲಿ ಸ್ರಾವ ಆಗುತ್ತದೆ. ಕೆಲವರಿಗೆ ಇದು ಗಮನಕ್ಕೇ ಬರುವುದಿಲ್ಲ, ಕೆಲವರಿಗೆ ದಿನಕ್ಕೆರಡು ಸಲ ಒಳಉಡುಪು ಬದಲಿಸುವಷ್ಟು ಆಗುತ್ತದೆ. ಎರಡೂ ಸಹಜವೇ. ತಿಂಗಳ ಉದ್ದಕ್ಕೂ ರೂಪ ಬದಲಿಸುವುದು ಮುಖ್ಯವಾಗಿ ಸರ್ವಿಕ್ಸ್‌ನ ಲೋಳೆ. ಅದನ್ನು ಬದಲಿಸುವುದು ಎರಡು ಹಾರ್ಮೋನು: ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್.

ಮುಟ್ಟಿನ ರಕ್ತ ಕಾಣಿಸಿಕೊಂಡ ದಿನವನ್ನು ಒಂದನೇ ದಿನ ಅಂತ ಇಟ್ಟುಕೊಳ್ಳಿ. ಆಗ ಎರಡೂ ಹಾರ್ಮೋನು ತಳದಲ್ಲಿರುತ್ತವೆ. ಅದಕ್ಕೇ ಮುಟ್ಟು ನಿಂತ ಕೂಡಲೇ ನಾಲ್ಕೈದು ದಿನ ನಿಮಗೆ ಒಣಗಿದ ಹಾಗೆ ಅನ್ನಿಸುವುದು. ಅಷ್ಟರಲ್ಲಿ ಅಂಡಾಶಯದಲ್ಲಿ ಒಂದು ಕೋಶಿಕೆ, ಅಂದರೆ ಅಂಡಾಣು ಇರುವ ಪುಟ್ಟ ಚೀಲ, ಬೆಳೆಯಲು ಶುರುವಾಗಿರುತ್ತದೆ. ಅದು ಬೆಳೆದಂತೆಲ್ಲ ಈಸ್ಟ್ರೊಜೆನ್ ಏರುತ್ತದೆ, ಸ್ರಾವ ಮೊದಲು ಬೆಳ್ಳಗೆ, ಕೆನೆಯಂತೆ ಕಾಣಿಸುತ್ತದೆ. ಈಸ್ಟ್ರೊಜೆನ್ ತುದಿಗೇರಿದಾಗ ಸರ್ವಿಕ್ಸ್‌ನ ಲೋಳೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಭಾಗ ನೀರೇ ಇರುತ್ತದೆ. ಬಣ್ಣವಿಲ್ಲ, ಪಾರದರ್ಶಕ, ಜಾರುತ್ತದೆ. ಪ್ರಮಾಣವೂ ಬೇರೆ ದಿನಗಳಿಗಿಂತ ಹತ್ತು ಪಟ್ಟಿನವರೆಗೆ ಹೆಚ್ಚಬಹುದು. ಇದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ಎಳೆದರೆ ಹಸಿ ಮೊಟ್ಟೆಯ ಬಿಳಿ ಲೋಳೆಯ ಹಾಗೆ ತುಂಡಾಗದೆ ಹಿಗ್ಗುತ್ತದೆ. ಕೆಲವರಲ್ಲಿ 8–10 ಸೆಂಟಿಮೀಟರ್‌ವರೆಗೂ ಬರುತ್ತದೆ.

ಇದೇ ಲೋಳೆಯ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಒಣಗಲು ಬಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡಿದರೆ, ಜರೀಗಿಡದ ಎಲೆಗಳು ಒಂದರ ಪಕ್ಕ ಒಂದು ಹರಡಿರುವಂಥ ಚಿತ್ತಾರ ಕಾಣುತ್ತದೆ. ಅದು ಲೋಳೆಯಲ್ಲಿರುವ ಉಪ್ಪು ಹರಳುಗಟ್ಟಿದ್ದು. ಅಂಡಾಣು ಬಿಡುಗಡೆಯಾಗಿ ಪ್ರೊಜೆಸ್ಟರಾನ್ ಏರಿದ ಮೇಲೆ ತೆಗೆದ ಲೋಳೆಯಲ್ಲಿ ಈ ಚಿತ್ತಾರ ಮೂಡುವುದಿಲ್ಲ. ಸುಲಭವಾಗಿ ರಕ್ತದಲ್ಲಿ ಹಾರ್ಮೋನು ಅಳೆಯಲು ಆಗದಿದ್ದ ಕಾಲದಲ್ಲಿ ನಮ್ಮ ಹಿರಿಯ ವೈದ್ಯರು ಈ ಒಂದು ಸ್ಲೈಡ್ ನೋಡಿಯೇ ತಿಂಗಳ ಯಾವ ಭಾಗ ನಡೆಯುತ್ತಿದೆ ಎಂದು ಅಂದಾಜು ಮಾಡುತ್ತಿದ್ದರು.

ದೇಹ ಇಷ್ಟೆಲ್ಲ ಮಾಡುವುದಕ್ಕೆ ಕಾರಣವಿದೆ. ಯೋನಿಯ ಒಳಗಿನ ವಾತಾವರಣ ಆಮ್ಲೀಯ, ವೀರ್ಯಾಣುಗಳು ಅಲ್ಲಿ ಬಹಳ ಹೊತ್ತು ಬದುಕುವುದಿಲ್ಲ. ಈ ತೆಳು ಲೋಳೆ ಸಿಕ್ಕರೆ ಮಾತ್ರ ಅವು ಈಜಿ ಮೇಲೆ ಹೋಗುತ್ತವೆ, ಐದು ದಿನದವರೆಗೂ ಬದುಕಿರುತ್ತವೆ. ಅಂಡಾಣುವಿನ ಆಯುಸ್ಸು ಹೊರಬಂದ ಮೇಲೆ 12ರಿಂದ 24 ಗಂಟೆ, ಅಷ್ಟೆ. ಹಾಗಾಗಿ ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಲ್ಲಿ ಸುಮಾರು ಆರು: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಈ ಲೋಳೆ ಕಾಣುವುದೂ ಆ ದಿನಗಳಲ್ಲೇ.

ಅಂಡಾಣು ಹೊರಬಂದ ಮೇಲೆ ಕೋಶಿಕೆಯ ಉಳಿದ ಭಾಗ ಪ್ರೊಜೆಸ್ಟರಾನ್ ತಯಾರಿಸತೊಡಗುತ್ತದೆ. ಒಂದೆರಡು ದಿನದಲ್ಲಿ ಲೋಳೆಯ ಸ್ವರೂಪವೇ ಬೇರೆಯಾಗುತ್ತದೆ: ಗಟ್ಟಿ, ಅಂಟು, ಮಬ್ಬು ಬಿಳುಪು, ಪ್ರಮಾಣವೂ ಕಡಿಮೆ. ಸರ್ವಿಕ್ಸ್‌ನ ಬಾಯಿಗೆ ಬಿರಡೆ ಹಾಕಿದಂತಾಗುತ್ತದೆ. ಕೆಲವರಿಗೆ ಈ ದಿನಗಳಲ್ಲಿ ಏನೂ ಕಾಣುವುದೇ ಇಲ್ಲ. ಮುಟ್ಟಿನ ಹಿಂದಿನ ದಿನ ನೀವು ನೋಡಿದ ಕಂದು ಬಣ್ಣ, ನಿಧಾನವಾಗಿ ಇಳಿದು ಗಾಳಿ ಸೋಕಿ ಬಣ್ಣ ಬದಲಿಸಿದ ರಕ್ತ. ಮುಟ್ಟಿನ ಕೊನೆಯ ದಿನ ಕಾಣುವ ಕಂದೂ ಅದೇ.

ಆ ಗುಲಾಬಿ ಗೆರೆ? ಅಂಡಾಣು ಬಿಡುಗಡೆಯಾಗುವ ಹೊತ್ತಿನಲ್ಲಿ ಈಸ್ಟ್ರೊಜೆನ್ ಒಮ್ಮೆ ತಟ್ಟನೆ ಇಳಿಯುತ್ತದೆ. ಆಗ ಗರ್ಭಕೋಶದ ಒಳಪದರದಿಂದ ಒಂದೆರಡು ಹನಿ ರಕ್ತ ಜಿನುಗಿ ಲೋಳೆಯಲ್ಲಿ ಬೆರೆಯಬಹುದು. ಕೆಲವರಿಗೆ ಅದೇ ದಿನ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಚುಚ್ಚಿದಂಥ ನೋವೂ ಬರುತ್ತದೆ. ತಿಂಗಳ ಮಧ್ಯೆ, ಒಂದು ದಿನದ ಮಟ್ಟಿಗೆ, ಎಂದೋ ಒಮ್ಮೆ ಆದರೆ ಚಿಂತೆ ಬೇಡ. ಪದೇ ಪದೇ ಆದರೆ, ಲೈಂಗಿಕ ಸಂಪರ್ಕದ ನಂತರ ಆದರೆ ಖಂಡಿತ ತೋರಿಸಬೇಕು.

ಅಂಡಾಣು ಬಿಡುಗಡೆ ಎಲ್ಲರಿಗೂ 14ನೇ ದಿನವೇ ಆಗುತ್ತದೆ ಎಂದು ಮೊಬೈಲ್ ಆ್ಯಪ್‌ಗಳೂ ಶಾಲಾ ಪುಸ್ತಕಗಳೂ ಹೇಳಿಬಿಟ್ಟಿವೆ. ಅದು 28 ದಿನದ ಚಕ್ರದವರ ಲೆಕ್ಕ. ಚಕ್ರದ ಎರಡನೇ ಭಾಗ ಹೆಚ್ಚಿನವರಿಗೆ ಸುಮಾರು 14 ದಿನ ಇರುತ್ತದೆ, ಉದ್ದ ಗಿಡ್ಡ ಆಗುವುದು ಮೊದಲ ಭಾಗ. ಆದ್ದರಿಂದ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ನಿಮ್ಮ 32–33 ದಿನದಲ್ಲಿ 14 ಕಳೆದರೆ 18–19. ನೀವು ಲೋಳೆ ಜಾಸ್ತಿ ಎಂದು ಬರೆದಿರುವುದು 17–18ನೇ ದಿನ. ಲೆಕ್ಕ ಕೂಡಿಬಂತಲ್ಲವೇ?

ಈಗ ಆ ಮಾತ್ರೆಯ ವಿಷಯ. ಅದನ್ನು ತೆಗೆದುಕೊಂಡದ್ದು ತಿಂಗಳ ಯಾವ ದಿನ ಅಂತ ನೆನಪು ಮಾಡಿಕೊಳ್ಳಿ. ಬಹುಶಃ ಸ್ರಾವ ಅತಿ ಹೆಚ್ಚಿದ್ದ ದಿನವೇ ಅಂಗಡಿಗೆ ಹೋಗಿರುತ್ತೀರಿ, ಎಲ್ಲರೂ ಹೋಗುವುದು ಆಗಲೇ. ಎರಡು ದಿನಕ್ಕೆ ಕಡಿಮೆಯಾಯಿತು. ಮಾತ್ರೆ ನುಂಗದಿದ್ದರೂ ಆ ಎರಡು ದಿನದಲ್ಲಿ ಅದು ಕಡಿಮೆಯಾಗುತ್ತಿತ್ತು, ಯಾಕೆಂದರೆ ಅಷ್ಟರಲ್ಲಿ ಪ್ರೊಜೆಸ್ಟರಾನ್ ಬಂದಿರುತ್ತದೆ. ಮುಂದಿನ ತಿಂಗಳು ಮತ್ತೆ ಅಂಡಾಣು, ಮತ್ತೆ ಲೋಳೆ, ಮತ್ತೆ ಮಾತ್ರೆ. ಹೀಗೆ ವರ್ಷಗಟ್ಟಲೆ ಶಿಲೀಂಧ್ರದ ಮಾತ್ರೆ, ಆ್ಯಂಟಿಬಯೋಟಿಕ್ ನುಂಗಿದ ಹೆಣ್ಣುಮಕ್ಕಳನ್ನು ನಾನು ನೋಡುತ್ತಲೇ ಇದ್ದೇನೆ. ಬೇಡದ ಆ್ಯಂಟಿಬಯೋಟಿಕ್ ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಆಮೇಲೆ ನಿಜವಾದ ಶಿಲೀಂಧ್ರ ಸೋಂಕು ಬರಬಹುದು. ಇಲ್ಲದ ಕಾಯಿಲೆಗೆ ಔಷಧಿ ತೆಗೆದುಕೊಂಡು ಕಾಯಿಲೆ ತರಿಸಿಕೊಂಡ ಹಾಗೆ ಆಗುತ್ತದೆ.

ಆ ಒಳ್ಳೆಯ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು. ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಇವುಗಳನ್ನು ವಿವರಿಸಿದ್ದರು. ಯೋನಿಯ ಗೋಡೆಯಲ್ಲಿ ಸಂಗ್ರಹವಾಗಿರುವ ಗ್ಲೈಕೋಜೆನ್ ಎಂಬ ಸಕ್ಕರೆ ಅಂಶದಿಂದ ಲ್ಯಾಕ್ಟಿಕ್ ಆಮ್ಲ ತಯಾರಾಗುತ್ತದೆ, ಅದನ್ನು ತಯಾರಿಸುವುದು ಇವೇ. ಹೀಗಾಗಿ ಅಲ್ಲಿಯ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.8ರಿಂದ 4.5ರ ಒಳಗೆ ಇರುತ್ತದೆ, ರೋಗ ತರುವ ಸೂಕ್ಷ್ಮಜೀವಿಗಳಿಗೆ ಆ ಹುಳಿ ಆಗಿಬರುವುದಿಲ್ಲ. ನಿಮ್ಮ ಕಪ್ಪು ಒಳಉಡುಪು ಬಣ್ಣ ಬಿಟ್ಟಿರುವುದು ಈ ಆಮ್ಲದಿಂದಲೇ. ಕ್ಲಿನಿಕ್ಕಿಗೆ ಬರುವ ಎಷ್ಟೋ ಹುಡುಗಿಯರು ಇದನ್ನು ಹೇಳಲು ನಾಚಿ, ಕೊನೆಗೆ ಬಾಗಿಲ ಹತ್ತಿರ ಹೋಗಿ ವಾಪಸ್ ಬಂದು ಕೇಳುತ್ತಾರೆ. ಬಣ್ಣ ಬಿಡುವುದೆಂದರೆ ಅಲ್ಲಿಯ ಆಮ್ಲ ಇರಬೇಕಾದಷ್ಟು ಇದೆ ಎಂದರ್ಥ. ಒಣಗಿದಾಗ ತಿಳಿ ಹಳದಿ ಆಗುವುದೂ ಸಹಜ. ಬಣ್ಣ ನೋಡಬೇಕಾದದ್ದು ಹಸಿಯಾಗಿರುವಾಗ, ಒಣಗಿದ ಬಟ್ಟೆಯ ಮೇಲಲ್ಲ.

ಈ ಹುಳಿಯನ್ನು ನಾವೇ ಹಾಳು ಮಾಡುವ ದಾರಿಗಳು ಬೇಕಾದಷ್ಟಿವೆ. ಒಳಗೆ ಸೋಪು ಹಾಕಿ ತೊಳೆಯುವುದು, ಡೆಟಾಲ್ ಬೆರೆಸಿದ ನೀರು, ಪಟಕ ಕದಡಿದ ನೀರು, ಅರಿಸಿನ, ಮೊಸರು ಒಳಗೆ ಹಚ್ಚುವುದು, ಜಾಹೀರಾತಿನಲ್ಲಿ ಬರುವ ವಾಶ್‌ಗಳು. ಇವು ಯಾವುವೂ ಬೇಡ. ಯೋನಿಯ ಒಳಭಾಗ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ, ಈ ಸ್ರಾವ ಇರುವುದೇ ಅದಕ್ಕೆ. ಹೊರಭಾಗಕ್ಕೆ ಬರೀ ನೀರು ಸಾಕು. ಹತ್ತಿಯ ಒಳಉಡುಪು ಹಾಕಿಕೊಳ್ಳಿ, ತೊಳೆದ ಮೇಲೆ ಬಿಸಿಲಿನಲ್ಲಿ ಒಣಗಿಸಿ. ಸೀರೆಯ ಕೆಳಗೆ, ಟವೆಲ್ಲಿನ ಕೆಳಗೆ ಬಚ್ಚಿಟ್ಟು ಅರ್ಧ ಹಸಿಯಲ್ಲೇ ಹಾಕಿಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಅದನ್ನು ಬಿಡಿ.

ಅಮ್ಮ ಹೇಳುವ ಉಷ್ಣದ ಬಗ್ಗೆ: ಎಳನೀರು, ಬಾರ್ಲಿ ನೀರು, ನೆನೆಸಿದ ಮೆಂತ್ಯ, ಕಾಮಕಸ್ತೂರಿ ಬೀಜ ಕೊಡುತ್ತಿದ್ದರೆ ಕುಡಿಯಿರಿ, ಕೆಡುಕಿಲ್ಲ. ಆದರೆ ಸ್ರಾವ ಹೆಚ್ಚು ಕಡಿಮೆ ಆಗುವುದು ಹಾರ್ಮೋನಿನಿಂದ, ಆಹಾರದ ಉಷ್ಣದಿಂದಲ್ಲ. ಮಗಳು ಮಾವು, ಪಪ್ಪಾಯಿ, ಮೊಟ್ಟೆ ತಿನ್ನಬಾರದು ಎಂದು ಪಥ್ಯ ಹಾಕಿಸಿದರೆ ಮಾತ್ರ ನನ್ನ ವಿರೋಧವಿದೆ. ಈ ವಯಸ್ಸಿನಲ್ಲಿ ಮೊಟ್ಟೆ, ಹಣ್ಣು ಬಿಟ್ಟರೆ ನಷ್ಟವಾಗುವುದು ರಕ್ತಕ್ಕೆ.

ಅಜ್ಜಿಯ ಮಾತಿಗೆ ಬರೋಣ. ಈ ಸ್ರಾವದಲ್ಲಿ ಮೂಳೆಯಿಂದ ಬಂದದ್ದು ಏನೂ ಇಲ್ಲ. ಇರುವುದು ನೀರು, ಲೋಳೆ, ಉದುರಿದ ಜೀವಕೋಶ, ಬ್ಯಾಕ್ಟೀರಿಯಾ. ಬಿಳಿ ಹೋದರೆ ಶಕ್ತಿ ಹೋಗುತ್ತದೆ ಎಂಬ ನಂಬಿಕೆ ದಕ್ಷಿಣ ಏಷ್ಯಾದ ಉದ್ದಗಲಕ್ಕೂ ಇದೆ. ಗೋವಾದಲ್ಲಿ ಸುಮಾರು ಎರಡೂವರೆ ಸಾವಿರ ಮಹಿಳೆಯರನ್ನು ಮಾತನಾಡಿಸಿ, ಪರೀಕ್ಷೆಯನ್ನೂ ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಬಿಳಿ ಹೋಗುತ್ತದೆ ಎಂಬ ದೂರಿಗೆ ಸೋಂಕಿಗಿಂತ ಮನಸ್ಸಿನ ಬಳಲಿಕೆ, ಬದುಕಿನ ಕಷ್ಟಗಳ ಜೊತೆಗೇ ಗಟ್ಟಿಯಾದ ನಂಟು ಇರುವುದು ಅದರಲ್ಲಿ ಕಂಡುಬಂತು. ಅಂದರೆ ಆ ಮಹಿಳೆಯರ ಸುಸ್ತು ಸುಳ್ಳಲ್ಲ, ಸುಸ್ತಿನ ಮೂಲ ಬೇರೆ ಕಡೆ ಇತ್ತು. ಮಾತ್ರೆ ಕೊಟ್ಟು ಕಳಿಸಿದ ವೈದ್ಯರು ಆ ಮೂಲವನ್ನು ಕೇಳಲೇ ಇಲ್ಲ ಎಂಬುದು ನನ್ನ ಸಂಕಟ.

ನಿಮ್ಮ ಸುಸ್ತಿಗೆ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗಿದೆ. ಗರ್ಭಿಣಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆಯೆಂದೇ ಲೆಕ್ಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಪರೀಕ್ಷೆ ಆಗುತ್ತದೆ. ಥೈರಾಯ್ಡ್ ಒಮ್ಮೆ ನೋಡಿಸಿ. ಸೊಂಟ ನೋವಿಗೆ, ದಿನವಿಡೀ ಕೂತು ಮಾಡುವ ಕೆಲಸವಾದರೆ ಕೂರುವ ಭಂಗಿ, ನಡಿಗೆ ಇಲ್ಲದಿರುವುದು ಮೊದಲ ಕಾರಣ. ಮದುವೆ ಗೊತ್ತಾದ ಮೇಲೆ ನಿದ್ದೆ ಕಡಿಮೆಯಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಹಾಗಾದರೆ ಸೋಂಕು ಅನ್ನುವುದು ಯಾವಾಗ? ನಿಮ್ಮ ಮಾಮೂಲಿ ತಿಂಗಳ ಕ್ರಮ ತಪ್ಪಿದಾಗ. ಅದಕ್ಕೇ ಆ ಕ್ರಮ ನಿಮಗೆ ಗೊತ್ತಿರಬೇಕು.

ಶಿಲೀಂಧ್ರ ಸೋಂಕಿನಲ್ಲಿ ಮುಖ್ಯ ತೊಂದರೆ ತುರಿಕೆ. ಸ್ರಾವ ಗಟ್ಟಿ ಮೊಸರಿನ ಗಡ್ಡೆಯಂತೆ ಒಡೆದೊಡೆದು ಇರಬಹುದು, ಹೊರಭಾಗ ಕೆಂಪಾಗಿ ಮೂತ್ರ ತಾಗಿದರೆ ಉರಿಯುತ್ತದೆ. ವಾಸನೆ ಇರುವುದಿಲ್ಲ. ಮುಟ್ಟಿನ ಹಿಂದಿನ ವಾರ, ಆ್ಯಂಟಿಬಯೋಟಿಕ್ ಮುಗಿಸಿದ ಮೇಲೆ, ಗರ್ಭಿಣಿಯಾಗಿದ್ದಾಗ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ ಹೆಚ್ಚು. ಮೇಲಿಂದ ಮೇಲೆ ಬಂದರೆ ರಕ್ತದ ಸಕ್ಕರೆ ನೋಡಿಸಲೇಬೇಕು. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಕೊಡುವ ಎಷ್ಟೋ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧಿ, ಆ್ಯಂಟಿಬಯೋಟಿಕ್, ಸ್ಟೆರಾಯ್ಡ್ ಮೂರೂ ಬೆರೆತಿರುತ್ತವೆ. ಸ್ಟೆರಾಯ್ಡ್ ಹಚ್ಚಿದ ಕೂಡಲೇ ಹಾಯೆನಿಸುತ್ತದೆ. ಒಳಗೊಳಗೇ ಸೋಂಕು ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಅಂಥದ್ದನ್ನು ಹಚ್ಚಿಕೊಳ್ಳಬೇಡಿ.

ಇನ್ನೊಂದು, ನಮ್ಮಲ್ಲಿ ಬಹಳ ಸಾಮಾನ್ಯವಾದದ್ದು, ಬ್ಯಾಕ್ಟೀರಿಯಲ್ ವೆಜೈನೋಸಿಸ್. ಒಳ್ಳೆಯ ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ತುಂಬಿಕೊಂಡ ಸ್ಥಿತಿ. ಸ್ರಾವ ತೆಳು, ಬೂದು ಬಿಳುಪು, ಮೀನಿನ ವಾಸನೆ. ಮುಟ್ಟಿನ ಸಮಯದಲ್ಲಿ, ಸಂಪರ್ಕದ ನಂತರ ಈ ವಾಸನೆ ಜಾಸ್ತಿಯಾಗುತ್ತದೆ, ಏಕೆಂದರೆ ರಕ್ತವೂ ವೀರ್ಯವೂ ಆಮ್ಲೀಯವಲ್ಲ, ಅಲ್ಲಿಯ ಹುಳಿಯನ್ನು ತಗ್ಗಿಸುತ್ತವೆ. ಇದನ್ನು ಗುರುತಿಸಲು 1983ರಿಂದ ಆಮ್ಸೆಲ್ ಮಾನದಂಡ ಎಂಬ ಸರಳ ಪರೀಕ್ಷೆ ಇದೆ. ವೈದ್ಯರು ಸ್ರಾವದ ಸ್ವರೂಪ ನೋಡುತ್ತಾರೆ, ಪಿಎಚ್ ಪಟ್ಟಿ ಮುಟ್ಟಿಸಿ 4.5 ಮೀರಿದೆಯೇ ನೋಡುತ್ತಾರೆ, ಸ್ಲೈಡಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೀನಿನ ವಾಸನೆ ಏಳುತ್ತದೆಯೇ ಗಮನಿಸುತ್ತಾರೆ, ಮೈಕ್ರೊಸ್ಕೋಪಿನಲ್ಲಿ ಬ್ಯಾಕ್ಟೀರಿಯಾ ಮೆತ್ತಿಕೊಂಡು ಅಂಚು ಮಸುಕಾದ ಜೀವಕೋಶಗಳಿವೆಯೇ ಹುಡುಕುತ್ತಾರೆ. ನಾಲ್ಕರಲ್ಲಿ ಮೂರು ಇದ್ದರೆ ಕಾಯಿಲೆ ಖಚಿತ. ಐದು ನಿಮಿಷದ ಕೆಲಸ. ಈ ಐದು ನಿಮಿಷ ಕೊಡದೆ ಚೀಟಿ ಬರೆಯುವುದು ನಮ್ಮ ವೃತ್ತಿಯಲ್ಲಿ ಅಭ್ಯಾಸವಾಗಿಬಿಟ್ಟಿದೆ.

ಹಳದಿ ಹಸಿರು, ನೊರೆ ನೊರೆಯಾದ ಸ್ರಾವ ಟ್ರೈಕೊಮೊನಾಸ್ ಸೋಂಕಿನದಿರಬಹುದು, ಅದು ಲೈಂಗಿಕ ಸಂಪರ್ಕದಿಂದ ಬರುತ್ತದೆ, ಸಂಗಾತಿಗೂ ಚಿಕಿತ್ಸೆ ಬೇಕು. ಕ್ಲಮೈಡಿಯಾ, ಗೊನೊರಿಯಾ ಹೆಣ್ಣಿನಲ್ಲಿ ಹೆಚ್ಚಿನ ಸಲ ಲಕ್ಷಣವನ್ನೇ ತೋರಿಸುವುದಿಲ್ಲ. ಸ್ರಾವದ ಜೊತೆಗೆ ಜ್ವರ, ಕಿಬ್ಬೊಟ್ಟೆ ನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡ ಮಾಡಿದರೆ ಗರ್ಭನಾಳ ಕೆಡಬಹುದು. ಸಂಪರ್ಕದ ನಂತರ ರಕ್ತ, ಕೊಳೆತ ವಾಸನೆಯ ರಕ್ತಮಿಶ್ರಿತ ಸ್ರಾವ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುವುದು, ಇವು ಗರ್ಭಕೋಶದ ಅಥವಾ ಅದರ ಕಂಠದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ನಿಮಗೆ ಇದು ಅನ್ವಯಿಸುವುದಿಲ್ಲ, ಅಮ್ಮನಿಗೆ ತಿಳಿದಿರಲಿ. 30ರಿಂದ 65 ವರ್ಷದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಐದು ವರ್ಷಕ್ಕೊಮ್ಮೆ ಕಂಠದ ಕ್ಯಾನ್ಸರಿನ ತಪಾಸಣೆ ಮಾಡುವ ಕಾರ್ಯಕ್ರಮವಿದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಲಬುರಗಿ, ಹಾವೇರಿ ಜಿಲ್ಲೆಗಳ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳ ಗರ್ಭಕೋಶ ಬೇಕಿಲ್ಲದೆ ತೆಗೆದುಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಅಂಥ ಮಹಿಳೆಯರಲ್ಲಿ ಬಿಳಿ ಹೋಗುತ್ತದೆ, ಹೊಟ್ಟೆ ನೋವು ಎಂದು ಆಸ್ಪತ್ರೆಗೆ ಹೋದವರೂ ಇದ್ದರು. ಬೇಕಿಲ್ಲದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು, ಅದನ್ನು ಜಾರಿಗೆ ತರುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು. ಬಿಳಿ ಸ್ರಾವವೊಂದೇ ಕಾರಣಕ್ಕೆ ಗರ್ಭಕೋಶ ತೆಗೆಯಬೇಕು ಎಂದು ಯಾರೇ ಹೇಳಲಿ, ಒಪ್ಪಬೇಡಿ. ನಿಮ್ಮ ಮನೆಯ, ಬೀದಿಯ ಹೆಂಗಸರಿಗೂ ಹೇಳಿ. ಮೊದಲೇ ಹೇಳಿದಂತೆ ಸ್ರಾವದ ಒಂದು ಭಾಗ ಯೋನಿಯ ಗೋಡೆಯಿಂದಲೇ ಬರುತ್ತದೆ. ಗರ್ಭಕೋಶ ತೆಗೆದರೂ ಅದು ಇದ್ದೇ ಇರುತ್ತದೆ.

ಈ ತಿಂಗಳ ಕ್ರಮ ಎಲ್ಲರಿಗೂ ಸದಾಕಾಲ ಹೀಗೇ ಇರುವುದಿಲ್ಲ. ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ನಡುತಿಂಗಳ ಲೋಳೆ ಕಾಣುವುದಿಲ್ಲ. ಕಾಪರ್ ಟಿ ಹಾಕಿಸಿಕೊಂಡವರಿಗೆ ಸ್ರಾವ ಸ್ವಲ್ಪ ಹೆಚ್ಚು. ಗರ್ಭಿಣಿಗೆ ಹೆಚ್ಚು, ಎದೆಹಾಲು ಕುಡಿಸುವವರಿಗೆ, ಮುಟ್ಟು ನಿಂತವರಿಗೆ ಕಡಿಮೆ. ಪಿಸಿಒಎಸ್, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡಾಣು ಬಿಡುಗಡೆ ಸರಿಯಾಗಿ ಆಗದ ತೊಂದರೆ ಇರುವವರಿಗೆ ಲೋಳೆ ಬಂದು ಹೋಗಿ, ಮತ್ತೆ ಬಂದು, ಅಂಡಾಣು ಮಾತ್ರ ಹೊರಬರದೆ ಇರಬಹುದು. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯರಿದ್ದರೆ ಇದು ಗೊತ್ತಿರಲಿ: ಮೊದಲ ಮುಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಮುಂಚೆಯೇ ಬಿಳಿ ಹೋಗಲು ಶುರುವಾಗುತ್ತದೆ. ಮಗು ಹೆದರಿ ಬಚ್ಚಿಡುವುದಕ್ಕೆ ಮೊದಲೇ ಹೇಳಿಕೊಡಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ.

ಮಕ್ಕಳ ಬಗ್ಗೆ ಕೇಳಿದ್ದೀರಿ. ಲೋಳೆ ನೋಡಿ ಫಲವತ್ತಾದ ದಿನ ಗುರುತಿಸುವ ಕ್ರಮವನ್ನು ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಬೆಳೆಸಿದರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಐದು ದೇಶಗಳಲ್ಲಿ ಪರೀಕ್ಷಿಸಿತು. ಐದು ಕೇಂದ್ರಗಳಲ್ಲಿ ಒಂದು ಬೆಂಗಳೂರು. 1981ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಲಿಸಿಕೊಟ್ಟ ಮೊದಲ ತಿಂಗಳಲ್ಲೇ ನೂರಕ್ಕೆ 90ಕ್ಕಿಂತ ಹೆಚ್ಚು ಮಹಿಳೆಯರು ತಮ್ಮ ಲೋಳೆಯ ಬದಲಾವಣೆಯನ್ನು ಸರಿಯಾಗಿ ಗುರುತಿಸಿದರು. ಅವರಲ್ಲಿ ಓದು ಬರಹ ಬಾರದವರೂ ಇದ್ದರು. ನೀವಂತೂ ಯಾರೂ ಕಲಿಸದೆಯೇ ಗುರುತಿಸಿದ್ದೀರಿ. ಆದರೆ ಮಗು ಬೇಡ ಅನ್ನುವಾಗ ಇದೊಂದನ್ನೇ ನಂಬಬೇಡಿ. ಅದೇ ಅಧ್ಯಯನದಲ್ಲಿ ಈ ವಿಧಾನವನ್ನಷ್ಟೇ ಅನುಸರಿಸಿದವರಲ್ಲಿ ಒಂದು ವರ್ಷದೊಳಗೆ ಸುಮಾರು ಐವರಲ್ಲಿ ಒಬ್ಬರು ಗರ್ಭಿಣಿಯಾದರು, ಹೆಚ್ಚಿನವರು ಆ ದಿನಗಳಲ್ಲಿ ದೂರವಿರಲಾಗದೆ. ಮದುವೆಯಾದ ಮೇಲೆ ಸ್ವಲ್ಪ ದಿನ ಮಗು ಬೇಡ ಎಂದಿದ್ದರೆ ಕಾಂಡೋಮ್, ಮಾತ್ರೆಯ ಬಗ್ಗೆ ಇಬ್ಬರೂ ಒಟ್ಟಿಗೆ ಬಂದು ವೈದ್ಯರನ್ನು ಕೇಳಿ. ಮಗು ಬೇಕು ಅಂದಾಗ ಎಳೆ ಲೋಳೆಯ ದಿನಗಳು ನಿಮಗೆ ಗೊತ್ತೇ ಇವೆ.

ಹುಡುಗನಿಗೆ ಹೇಳಬೇಕೇ? ಮುಚ್ಚಿಡಲು ಕಾಯಿಲೆಯೇ ಇಲ್ಲ, ಹಾಗಾಗಿ ತಪ್ಪೊಪ್ಪಿಕೊಳ್ಳುವಂತೆ ಹೇಳಬೇಕಾದದ್ದೂ ಇಲ್ಲ. ಹೆಣ್ಣಿನ ದೇಹ ತಿಂಗಳಿಡೀ ಹೇಗೆ ಬದಲಾಗುತ್ತದೆ ಎಂದು ಅವರಿಗೂ ತಿಳಿದಿದ್ದರೆ ಒಳ್ಳೆಯದು. ಆ ಮಾತು ನಿಮಗೆ ಸಲೀಸು ಅನ್ನಿಸಿದಾಗ ಆಡಿ.

ಮುಂದಿನ ಎರಡು ಮೂರು ತಿಂಗಳು ಮಾತ್ರೆ, ವಾಶ್ ಏನೂ ಬೇಡ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಪದ ಬರೆಯಿರಿ: ಒಣ, ಕೆನೆ, ಎಳೆ, ಅಂಟು, ಕಂದು. ಎಳೆ ಕಂಡ ಕೊನೆಯ ದಿನಕ್ಕೆ ಗುರುತು ಹಾಕಿ, ಅಲ್ಲಿಂದ ಮುಟ್ಟಿಗೆ ಎಷ್ಟು ದಿನ ಎಣಿಸಿ. 11ರಿಂದ 17ರೊಳಗೆ ಬಂದರೆ ಎಲ್ಲ ಸರಿಯಿದೆ. ಮಧ್ಯೆ ತುರಿಕೆ, ಉರಿ, ವಾಸನೆ, ಬಣ್ಣ ಬದಲಾವಣೆ ಕಂಡರೆ ಕಾಯದೆ ತೋರಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಇರುತ್ತದೆ, ಅಲ್ಲಿ ತಪಾಸಣೆ, ಔಷಧಿ ಉಚಿತ, ನಿಮ್ಮ ವಿಷಯ ಹೊರಗೆ ಹೋಗುವುದಿಲ್ಲ. ಮದುವೆಯಾಗಿಲ್ಲ ಎಂದು ಹಿಂಜರಿಯಬೇಡಿ. ಉಪಕರಣ ಹಾಕದೆ, ತೆಳುವಾದ ಹತ್ತಿಯ ಸ್ವ್ಯಾಬ್‌ನಿಂದಲೇ ಮಾದರಿ ತೆಗೆಯಬಹುದು. ಹಾಗೆ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ. ಮಹಿಳಾ ವೈದ್ಯರು ಅಥವಾ ನರ್ಸ್ ಜೊತೆಗಿರಲಿ ಎಂದೂ ಕೇಳಬಹುದು.

ಹೋಗುವುದಾದರೆ ಮುಟ್ಟಿಲ್ಲದ ದಿನ ಹೋಗಿ. ಹಿಂದಿನ ಎರಡು ದಿನ ಒಳಗೆ ಏನೂ ಹಚ್ಚಬೇಡಿ, ತೊಳೆಯಬೇಡಿ. ಬರೆದಿಟ್ಟ ಕ್ಯಾಲೆಂಡರ್ ತೋರಿಸಿ. ಆ ಎರಡು ಸಲ ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಇನ್ನೂ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ.